ಇಲ್ಲದ ಬೆರಳಿನ ನೋವು

ಮಳೆಯ ಹೊಡೆತಕ್ಕೆ ಕರೆಂಟು ಹೋಗಿತ್ತು. ಸಂಜೆ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಮೊಮ್ಮಕ್ಕಳೆಲ್ಲ ಅಜ್ಜಿಯ ಮಂಚದ ಸುತ್ತ ಸೇರಿದ್ದೆವು. ಗುಡುಗಿಗೆ ಚಿಕ್ಕಮ್ಮ ಬೆಚ್ಚಿಬಿದ್ದಾಗ ಯಾರೋ ಕಿಸಕ್ಕನೆ ನಕ್ಕರು. ಅಜ್ಜಿಗೆ ಸಿಟ್ಟು ನೆತ್ತಿಗೇರಿತು.

"ನಗಬೇಡ್ರೋ! ಹಾಗೆ ನಕ್ಕೋನ ಗತಿ ಏನಾಯ್ತು ಅಂತ ಹೇಳ್ತೀನಿ, ಕೇಳಿ... ನಾನೂ ನನ್ನ ಓರಗಿತ್ತೀನೂ ಡಬ್ಬಿ ಮುಚ್ಚಳ ಮಾಡೋ ಕಾರ್ಖಾನೇಲಿ ಕೆಲಸಕ್ಕಿದ್ವಿ. ಅವಳನ್ನ ಗುಬ್ಬಿ ಅಂತಿದ್ವಿ, ಒಂದು ಗಳಿಗೆ ಬಾಯಿ ಸುಮ್ನಿರ್ತಿರ್ಲಿಲ್ಲ ನೋಡಿ. ತಗಡು ಒತ್ತೋ ಮಿಷನ್ನಿಗೆ ಕೈ ಸಿಗದಿರ್ಲಿ ಅಂತ ಜಾಲರಿ ಹಾಕಿರ್ತಿದ್ರು. ಅದಿದ್ರೆ ಕೆಲಸ ನಿಧಾನ ಅಂತ ಸೂಪರ್‌ವೈಸರ್ ಕಿತ್ತು ಹಾಕಿಸಿದ. ಅವತ್ತೇ ಮಧ್ಯಾಹ್ನ ಗುಬ್ಬಿಯ ಬಲಗೈ ಬೆರಳುಗಳು... ಹೋದ್ವು.

ಕೈ ಗಾಯ ಮಾಯ್ತು. ಒಳಗಿನದು? ಅದಕ್ಕೆ ಹೊಲಿಗೆ ಹಾಕೋರು ಯಾರು? ಪಾತ್ರೆ ಬಿದ್ರೆ ಚೀರ್ತಿದ್ಲು, ಮಾತೇ ನಿಂತುಹೋಯ್ತು, ಇಲ್ಲದ ಬೆರಳನ್ನ ಯಾರೋ ಜಜ್ಜ್ತಿದಾರೆ ಅಂತ ಅಳ್ತಿದ್ಲು. ಆ ಪಾಪಿ ಸೂಪರ್‌ವೈಸರ್ ಏನಂದ ಗೊತ್ತಾ? 'ಇಲ್ಲದ ಬೆರಳು ನೋಯುತ್ತೇನಮ್ಮ? ನಾಟಕ ಸಾಕು, ಎಡಗೈ ಇದೆಯಲ್ಲ!' ಅಂತ ಹಲ್ಲು ಕಿರಿದು ಅದೇ ಮಿಷನ್ ಮುಂದೆ ನಿಲ್ಲಿಸಿದ. ಮಿಷನ್ ಧಡ್ ಅಂದಿದ್ದೇ ತಡ, ಗುಬ್ಬಿ ಗೇಟು ದಾಟಿ ಓಡಿದ್ಲು... ರಸ್ತೇಲಿ ಲಾರಿ ಬರ್ತಿತ್ತು. 'ತಾನಾಗೇ ಅಡ್ಡ ಬಂದ್ಲು' ಅಂತ ಎಲ್ಲರೂ ಕೈ ತೊಳ್ಕೊಂಡ್ರು.

ಅವಳು ತೊಳ್ಕೊಳ್ಳೋಕೆ ಬಿಡ್ತಾಳಾ? ಒಂದಿನ ಹಾಡಹಗಲಲ್ಲಿ, ನಮ್ಮೆಲ್ಲರ ಕಣ್ಣೆದುರಿಗೇ, ಆರಿಸಿಟ್ಟಿದ್ದ ಮಿಷನ್ ತಾನಾಗಿ ಧಡ್ ಅಂತು. ಅಷ್ಟು ದೂರದಲ್ಲಿದ್ದ ಸೂಪರ್‌ವೈಸರ್ ಬಲಗೈ ಹಿಡ್ಕೊಂಡು ಕುಸಿದ. ಬೆರಳು ನೆಟ್ಟಗಿವೆ, ಒಂದು ತರಚು ಗಾಯ ಇಲ್ಲ. ಎಕ್ಸ್‌ರೇ ನೋಡಿದ ಡಾಕ್ಟ್ರು 'ಏನೂ ಆಗಿಲ್ವಲ್ರೀ' ಅಂದ್ರು. ಇವನೋ, 'ಅವಳು ಜಜ್ಜ್ತಿದಾಳೆ, ಬಿಡಿಸ್ರೋ' ಅಂತ ಅರಚ್ತಾನೆ. ಯಾರು ನಂಬ್ತಾರೆ? ಹೆಂಡತಿ ಮಕ್ಕಳೇ ಬೈದ್ರು.

ನಾವೇನು ಸುಮ್ನಿರ್ಲಿಲ್ಲ. ಜಾಲರಿ ಹಾಕೋವರೆಗೂ ಮಿಷನ್ ಮುಟ್ಟಲ್ಲ ಅಂತ ಹೆಂಗಸರೆಲ್ಲ ಗೇಟಲ್ಲಿ ಕೂತ್ವಿ. ಹಾಕಿದ್ರು! ಒಂದು ಜೀವ ತಿಂದ ಮೇಲೆ."

ಅಜ್ಜಿ ಏದುಸಿರು ಬಿಡುತ್ತಿದ್ದಳು. "ಆಮೇಲೆ ಅವನು ಸತ್ತುಹೋದ್ನಾ ಅಜ್ಜಿ?" ಎಂದೆ.

"ಸಾಯೋಕೆ ಅವಳು ಬಿಟ್ರೆ ತಾನೆ? ಹಿಂದಿನ ಬೀದೀಲೇ ಇದಾನೆ, ಮಗಳ ಮನೇಲಿ. ಮೊನ್ನೆ ನೋಡೋಕೆ ಹೋಗಿದ್ದೆ. ಬಲಗೈ ಮೇಲೆ ಚಾದರ ಹೊದ್ದಿದ್ದ... 'ಬಿಡಿಸಮ್ಮ' ಅಂತ ಅಂಗಲಾಚಿದ. ಚಾದರದೊಳಗೆ ಕೈ ಹಾಕಿದೆ. ಅವನ ಕೈಯನ್ನ ಬಿಗಿಯಾಗಿ ಹಿಡ್ಕೊಂಡಿದ್ದ ಬೆರಳುಗಳು ಸಿಕ್ಕವು... ಸಣ್ಣವು, ಗುಬ್ಬೀವೇ. ಐದೂ ಇದ್ವು."

ಅಜ್ಜಿ ನಮ್ಮೆಲ್ಲರ ಮುಖ ನೋಡಿದಳು.

"ನಾನು ಬಿಡಿಸ್ಲಿಲ್ಲ."