ಅಮ್ಮನ ಮೇಲೆ ಬರೆದ ಮರ

ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ತನ್ನ ಕನ್ನಡಿಗಾಗಿ ಕಾಯುತ್ತಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದ ಅಕ್ಕ-ತಮ್ಮನ ಮೇಲಿತ್ತು. ಅವರ ಕೈಯಲ್ಲಿ ತೀರಿಹೋದ ಅಪ್ಪ ಬರೆದ ಬಿರುಗಾಳಿಯ ಚಿತ್ರ.

“ಇಲ್ಲಿ ಮರಾನೇ ಇರಲಿಲ್ಲ ಕಣೋ. ಗಾಳಿಗೆ ಎದುರಾಗಿ ಬಾಗಿ ನಡೆಯೋ ಅಮ್ಮ ಇದ್ದಳು.”

“ಗೊತ್ತಕ್ಕಾ.”

“ಗಾಳಿನೇ ಕಾಣಲ್ಲ, ಬಾಗಿದ ಮರನಾದ್ರೂ ಬರಿ ಅಂತ ಅಪ್ಪನ ತಲೆ ತಿಂದವನು ನೀನೇ.”

“ಅಮ್ಮನ ಮೇಲೇ ಬರೀತಾನೆ ಅಂತ ನನಗೇನು ಕನಸು ಬಿದ್ದಿತ್ತಾ? ಬಣ್ಣ ಕೆರೆಸಿದ್ರೆ?”

“ಚಿತ್ರ ಸರಿಮಾಡೋರನ್ನ ಕೇಳಿದೆ. ಮರದ ಜೊತೆ ಅಮ್ಮನೂ ಹೋಗ್ತಾಳಂತೆ.”

“ಆ ಮರಾನೂ ತಪ್ಪು. ಎಲೆ ಹಿಂದಕ್ಕೆ ಹಾರ್ತಿದೆ, ಮರ ಗಾಳಿ ಬರೋ ಕಡೆಗೇ ಬಾಗಿದೆ. ಅದಕ್ಕೂ ಅವತ್ತು ನಕ್ಕಿದ್ದೆ.”

“ಅಮ್ಮ ಬಾಗಿದ್ದ ಹಾಗೇ ಬಾಗಿದೆ, ನೋಡೋ.”

ತಮ್ಮ ಬಹಳ ಹೊತ್ತು ನೋಡಿದ. “ಕೆರೆಯೋದು ಬೇಡ, ಹೀಗೇ ಕಟ್ಟು ಹಾಕಿ” ಎಂದು ಚಿತ್ರವನ್ನು ಅಂಗಡಿಯವನ ಕೈಗಿಟ್ಟು, ಅಕ್ಕನ ಹಿಂದೆ ಹೊರಟುಹೋದ.