ಅಕ್ಕನಿಗೇನೂ ಆಗಿಲ್ಲ

...ನಗಬೇಡ ಕಣೇ. ಹೌದು, ಹೊಟ್ಟೆಕಿಚ್ಚೇ. ನಿನ್ನ ಮೇಲಲ್ಲ, ನಿನ್ನ ಕಾಯಿಲೆಗಳ ಮೇಲೆ. ಲೋಕದಲ್ಲಿ ತಂಗಿ ಕಾಯಿಲೆ ನೋಡಿ ಹೊಟ್ಟೆ ಉರ್ಕೊಳ್ಳೋಳು ನಾನೊಬ್ಬಳೇ ಇರಬೇಕು. ಸ್ವಲ್ಪ ಆ ಕಡೆ ಸರಿ, ನಾನೂ ಮಂಚದ ಮೇಲೆ ಕೂರ್ತೀನಿ. ಬೆಳಿಗ್ಗೆಯಿಂದ ಅಂಗಡೀಲಿ ನಿಂತೇ ಇದ್ದೆ.

ಈಗ ಬಂದವಳೇ ಅಮ್ಮನಿಗೆ ಹೇಳಿದೆ... ಅಮ್ಮಾ, ಮುಂದಿನ ವಾರದಿಂದ ಬಟ್ಟೆ ಕತ್ತರಿಸೋ ಮೇಜು ಪೂರ್ತಿ ನನ್ನದು, ಟೈಲರ್ ಅಂಗಡಿ ಮಾಲೀಕರೇ ಹೇಳಿದ್ರು ಅಂತ. ಅಮ್ಮ ಏನಂದ್ಳು ಗೊತ್ತಾ? 'ಮೆತ್ತಗೆ ಮಾತಾಡು, ಅವಳಿಗೆ ಈಗ ತಾನೆ ನಿದ್ದೆ ಹತ್ತಿದೆ.' ಅಷ್ಟೇ! ನೀನು ನೋಡಿದ್ರೆ ಕಣ್ಣು ಬಿಟ್ಕೊಂಡೇ ಮಲಗಿದ್ದೆ. ವರ್ಷಗಟ್ಟಲೆ ಗುಂಡಿ ಹೊಲಿದು ಹೊಲಿದು ಸಿಕ್ಕ ಮೇಜು ಕಣೇ ಅದು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತಾರಲ್ಲ... ನನಗೆ ಸುಣ್ಣಾನೂ ಇಲ್ಲ. ಹಚ್ಚೋದಕ್ಕಾದ್ರೂ ನನ್ನ ಕಡೆ ತಿರುಗಬೇಕಲ್ಲ.

ನಿನ್ನದೇನು ವೈಭೋಗ! ಬೆಳಿಗ್ಗೆ ನಿನ್ನ ಥೈರಾಯ್ಡ್ ಮಾತ್ರೆ ಆಗೋವರೆಗೂ ಮನೇಲಿ ಯಾರಿಗೂ ಕಾಫಿ ಇಲ್ಲ. ಮುಟ್ಟು ಹತ್ತಿರ ಬಂತು ಅಂದ್ರೆ ಅಡುಗೆಮನೇಲಿ ಒಂದು ಪಾತ್ರೆ ಸದ್ದಾಗೋ ಹಾಗಿಲ್ಲ. ಎಂಡೊಮೆಟ್ರಿಯೋಸಿಸ್... ಪಕ್ಕದ ಮನೆ ಅಜ್ಜಿಗೂ ಬಾಯಿಪಾಠ ಆಗಿದೆ ಆ ಹೆಸರು. ಗರ್ಭಕೋಶದ ಒಳಗಿರಬೇಕಾದ ಪದರ ಹೊರಗೆ ಬೆಳೆಯುತ್ತೆ ಅಂತ ಬೀದಿಗೆಲ್ಲ ಪಾಠ ಮಾಡ್ತಾಳೆ. ಅದು ಸಾಲದು ಅಂತ ಸಂಧಿವಾತ. ಮೈ ತನ್ನನ್ನೇ ತಾನು ಶತ್ರು ಅಂದ್ಕೊಂಡು ಗೆಣ್ಣುಗಳನ್ನೆಲ್ಲ ಊದಿಸುತ್ತಂತೆ. ನಿನ್ನ ಒಂದೊಂದು ನೋವಿಗೂ ಒಂದೊಂದು ಹೆಸರು, ಒಬ್ಬೊಬ್ಬ ಡಾಕ್ಟರು. ನಾನು ಸುಸ್ತು ಅಂದ್ರೆ ಅದರ ಹೆಸರು ಸೋಮಾರಿತನ.

ಯಾಕೆ ಮುಖ ತಿರುಗಿಸ್ದೆ? ಗೊತ್ತು ಕಣೇ, ನಿನ್ನ ನೋವು ನನಗೆ ಗೊತ್ತಿಲ್ವಾ? ಮಕ್ಕಳಾಗೋದು ಕಷ್ಟ ಅಂತ ಡಾಕ್ಟರಮ್ಮ ಅಂದಾಗ ನೀನು ಗಟ್ಟಿಯಾಗಿ ಕೂತಿದ್ದೆ, ಬಿಕ್ಕಿ ಬಿಕ್ಕಿ ಅತ್ತವಳು ನಾನು. ಆದ್ರೂ... ಅಮ್ಮ ನಿನ್ನ ಪಾದ ಒತ್ತೋದನ್ನ ಬಾಗಿಲಲ್ಲಿ ನಿಂತು ನೋಡ್ತೀನಲ್ಲ, ಆಗ ಒಳಗೆ ಧಗಧಗ ಅನ್ನುತ್ತೆ. ನನ್ನನ್ನ ಮುಟ್ಟಿ ಎಷ್ಟು ಕಾಲ ಆಯ್ತು ಅವಳು? 'ನಿನಗೇನು, ಗುಂಡುಕಲ್ಲಿನ ಹಾಗಿದ್ದೀಯ' ಅಂತಾಳೆ. ಇದ್ದೀನಿ. ಮನೇಲಿ ಒಬ್ಬಳಾದ್ರೂ ಇರಬೇಡ್ವಾ?

ಬಿಡು. ತಗೋ, ಕಿತ್ತಳೆ ತಂದಿದ್ದೀನಿ. ಸುಲಿ... ಏನು, ಹಣ್ಣು ವಾಪಸ್ ನನ್ನ ಕಡೆ ಚಾಚ್ತೀಯ? ದಿನಾ ನಾನೇ ಸುಲಿದು ಕೊಡ್ತಿದ್ದೆ, ನಿಜ. ಇವತ್ತು ನೀನು ಸುಲಿ. ಉಗುರು... ಉಗುರು ಕತ್ತರಿಸ್ಕೊಂಡಿದ್ದೀನಿ. ಬೆರಳು ಯಾಕೆ ನೋಡ್ತಿದ್ದೀಯ? ಉಂಗುರಾನಾ? ತೆಗೆದಿಟ್ಟಿದ್ದೀನಿ. ಕತ್ತರಿಗೆ ತಗಲುತ್ತೆ.

ಏ, ಕೈ ಬಿಡು. ಗೆಣ್ಣು ಒತ್ತಿ ನೋಡೋಕೆ ನೀನೇನು ಡಾಕ್ಟರಾ? ನಿನಗೆ ಅವ್ರು ಹೀಗೇ ಒತ್ತಿ ನೋಡ್ತಾರೆ ಅಂತ ನನಗೂ ಗೊತ್ತು... ಅಲ್ಲಿ ನೋವಿಲ್ಲ. ಅಲ್ಲೂ ಇಲ್ಲ. ಅಲ್ಲಿ... ಮೆತ್ತಗೆ, ಮೆತ್ತಗೆ ಕಣೇ.

ಹಾಗೆ ಒಂದೊಂದೇ ಬೆರಳು ನೀವ್ತಾ ಕೂರಬೇಡ... ಬೆಳಿಗ್ಗೆ ಹೊತ್ತು ಜಾಸ್ತಿ. ಮುಷ್ಟಿ ಕಟ್ಟೋಕೇ ಆಗಲ್ಲ. ಕತ್ತರಿ ಹಿಡಿಯೋಕೆ ಆಗ್ತಿಲ್ಲ ಅಂತ ಮಾಲೀಕರಿಗೆ ಹೇಳಿಲ್ಲ. ಹೇಳಿದ್ರೆ ಮೇಜು ಹೋಗುತ್ತೆ. ಅಮ್ಮನಿಗೆ ನೀನೂ ಹೇಳಬೇಡ... ನಿನ್ನ ದಮ್ಮಯ್ಯ, ಹೇಳಬೇಡ. ಅವಳಿಗಿರೋದು ಎರಡೇ ಕೈ. ಎರಡೂ ನಿನಗೇ ಸಾಲ್ತಿಲ್ಲ.