ಟೆನ್ಷನರ್ ಹೋದ ಸದ್ದು

ಬಾಗಿಲು ಮುಂದಕ್ಕೆ ಹಾಕ್ರಿ, ಹೇಳ್ತೀನಿ. ಇದು ನಮ್ಮ ದೊಡ್ಡಪ್ಪನ ಮಗ ಬೈಲಪ್ಪಣ್ಣಂಗೆ ಆದದ್ದು. ಚನ್ನಗಿರೀಲಿ ಕಾರು ರಿಪೇರಿ ಮಾಡ್ತಾನೆ. ಕತೆ ಕಟ್ಟೋ ಮನುಷ್ಯ ಅಲ್ಲ.

ಹೋದ ವರ್ಷ. ಕೊನೇ ಬಸ್ಸಿಳಿದು ಸೂಳೆಕೆರೆ ಕಡೆ ನಮ್ಮೂರ ದಾರೀಲಿ ಒಬ್ಬನೇ ಬರ್ತಿದ್ದ. ಹನ್ನೊಂದು ಗಂಟೆ. ಆಲದಮರ ಹತ್ರ ಬಂತು... ಎಂಜಿನ್ ಸದ್ದು. ಅದರೊಳಗೆ ಇನ್ನೊಂದು ಸದ್ದು.

ಚಿರ್ರ್... ಟಪ್. ಚಿರ್ರ್... ಟಪ್ ಟಪ್.

ಅವನಿಗೆ ಕೇಳಿದ ಕೂಡ್ಲೆ ಗೊತ್ತಾತು. ಮೂರು ದಿನದ ಹಿಂದೆ ಪಕ್ಕದೂರ ಮಹೇಶ್ವರಪ್ಪನ ಕಾರಿನ ಎಂಜಿನ್ ಬಿಚ್ಚಿ ಹೊಸ ಟೈಮಿಂಗ್ ಬೆಲ್ಟ್ ಹಾಕಿದ್ದ; ಅದು ಜಾರಿದ್ರೆ ಎಂಜಿನ್ನೇ ನಿಲ್ತೈತೆ. ಬೆಲ್ಟನ್ನ ಬಿಗಿ ಹಿಡಿಯೋ ಸಣ್ಣ ಗಾಲಿ ಇರ್ತೈತೆ, ಟೆನ್ಷನರ್ ಅಂತಾರೆ. ಅದನ್ನ ಮಾತ್ರ ಹಳೇದೇ ಕೂರಿಸಿದ್ದ. ಹೊಸದು ಶಿವಮೊಗ್ಗದಿಂದ ಬರಬೇಕಿತ್ತು, ಮಹೇಶ್ವರಪ್ಪಂಗೆ ಅರ್ಜೆಂಟು. ಬೆರಳಲ್ಲಿ ತಿರುಗಿಸಿದಾಗ ಒಂಚೂರು ಅಲ್ಲಾಡ್ತಿತ್ತು. ನಡೀತೈತೆ ಅಂದ್ಕಂಡ. ಮಾರನೇ ದಿನ ಮಹೇಶ್ವರಪ್ಪ "ಏನೋ ಸದ್ದು ಬರ್ತೈತಲ್ಲಪ್ಪಾ" ಅಂತ ಫೋನ್ ಮಾಡಿದ್ರೆ, "ಹೊಸ ಬೆಲ್ಟು, ಸರಿಹೋಗ್ತೈತೆ ಬಿಡ್ರಿ" ಅಂದಿದ್ದ.

ಆಲದ ಕೆಳಗೆ ಅದೇ ಕಾರು. ದೀಪ ಇಲ್ಲ. ಹಿಂದಿನ ಸೀಟಲ್ಲಿ ಮಹೇಶ್ವರಪ್ಪನ ತಾಯಿ ಉಡಚಮ್ಮ, ತಲೆತುಂಬ ಸೆರಗು.

"ಯಾಕವ್ವಾ... ಒಬ್ಳೇ?"

"ಏನದು ಸದ್ದು?" ಪಿಸುಗುಟ್ಟಿದ್ಲು.

"ಬೆಲ್ಟು ಸಡಿಲಾಗಿ ಕವರಿಗೆ ಬಡೀತೈತೆ."

"ಯಾಕೆ?"

"ಟೆನ್ಷನರ್ ಹೋಗೈತೆ."

"ಗೊತ್ತಿತ್ತಾ?"

ಬೈಲಪ್ಪಣ್ಣ ತಲೆ ತಗ್ಗಿಸಿದ... "ಗೊತ್ತಿತ್ತವ್ವಾ."

ಟಪ್. ಸದ್ದು ನಿಂತೋತು. ತಲೆ ಎತ್ತಿದ್ರೆ ಕಾರಿಲ್ಲ.

ಓಡಲಿಲ್ಲವಂತೆ. ಮನೆಗೆ ಬಂದ, ಉಂಡ, ಮಲಗಿದ. "ಹೆದರಿಕೆ ಆಗಲಿಲ್ವಾ?" ಅಂತ ಕೇಳಿದೆ. "ಏನೂ ಆಗಲಿಲ್ಲ ಕಣೋ. ಸಾರಿಗೆ ಉಪ್ಪಿತ್ತೋ ಇಲ್ವೋ, ಅದೂ ಗೊತ್ತಾಗಲಿಲ್ಲ."

ಬೆಳಗ್ಗೆ ಫೋನ್ ಬಂತು. ಹಿಂದಿನ ಸಂಜೆ ಉಡಚಮ್ಮಂಗೆ ಎದೆನೋವು ಬಂದು ದಾವಣಗೆರೆ ಆಸ್ಪತ್ರೆಗೆ ಹೊರಟಿದ್ರಂತೆ. ಕೆರೆ ಏರಿ ಮೇಲೆ ಎಂಜಿನ್ ಫಟ್ ಅಂತ ನಿಂತಿತ್ತು. ಬೇರೆ ಗಾಡಿ ಬರೋದ್ರೊಳಗೆ ಜೀವ ಹೋಗಿತ್ತು. ಆಗ ಎಂಟೂವರೆ. ಮಗ ಹೆಣ ತಗಂಡು ತನ್ನೂರಿಗೆ ಬಂದಿದ್ದ. ಕಾರು ಏರಿ ಮೇಲೇ ಉಳಿದಿತ್ತು.

ಬೈಲಪ್ಪಣ್ಣ ಹೋಗಿ, ಕೈಗೆ ಅರಿಶಿನ ಬಳಿದಿದ್ದ ಹೆಣದ ಮುಂದೆ ನಿಂತ. "ತಪ್ಪು ನಂದು ಕಣ್ರೀ" ಅಂದ. ಅಳು ಬರಲಿಲ್ಲ. ಮಹೇಶ್ವರಪ್ಪನೂ ಬೈಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಒಂದೇ ಮಾತು: "ಬಿಚ್ಚಿ ತೋರ್ಸು. ನಾನು ನೋಡಬೇಕು."

ಏರಿ ಮೇಲೆ ಬೈಲಪ್ಪಣ್ಣನ ಕೈ ಏಳಲಿಲ್ಲ. ಕವರಿನ ಬೋಲ್ಟು ಬಿಚ್ಚಿದವ ಜೊತೆಗೆ ಹೋಗಿದ್ದ ನಾನು. ಟೆನ್ಷನರ್ ಜೋತುಬಿದ್ದಿತ್ತು, ಬೆಲ್ಟು ಹಲ್ಲು ಜಾರಿತ್ತು. ಸರಿ, ಅದು ಆಗೋದೇ. ಆದ್ರೆ ಬೆಲ್ಟಿನ ಮೇಲೆ ಅರಿಶಿನ... ನಾಕು ಬೆರಳಿನ ಗುರುತು.

ಸುಳ್ಳಲ್ಲ, ಈ ಕೈಲೇ ಮುಟ್ಟೀನಿ. ಇನ್ನೂ ಹಸಿ ಇತ್ತು.